ಆರೋಗ್ಯ ಪ್ರಶ್ನೋತ್ತರ: ಸ್ಕ್ಯಾನಿಂಗ್ ನಾರ್ಮಲ್ ಇದ್ದರೂ ಸ್ಕೋಪಿ ಯಾಕೆ?

ಪ್ರಶ್ನೆ: ವಯಸ್ಸು 34. ಎಡಪಕ್ಕೆ ನೋವೆಂದು ಹೊಟ್ಟೆ ಸ್ಕ್ಯಾನಿಂಗ್ ಮಾಡಿಸಿದೆ. ‘ಕಿಡ್ನಿ ಸ್ವಲ್ಪ ಊದಿದೆ, ಕಲ್ಲು ಕಾಣುತ್ತಿಲ್ಲ’ ಎಂದು ರಿಪೋರ್ಟ್ ಬಂದಿದೆ. ಈಗ ಸಿ.ಟಿ. ಮಾಡಿಸಿ ಅನ್ನುತ್ತಿದ್ದಾರೆ. ಕಲ್ಲೇ ಇಲ್ಲದ ಮೇಲೆ ಇನ್ನೊಂದು ಖರ್ಚು ಬೇಕೆ?
— ಓದುಗರು, ರಾಯಚೂರು

ಉತ್ತರ: ಬೇಕು. ಕಲ್ಲು ಕಿಡ್ನಿಯಿಂದ ಜಾರಿ ಮೂತ್ರಕೋಶಕ್ಕೆ ಹೋಗುವ ಮೂತ್ರನಾಳಕ್ಕೆ ಇಳಿದಿರಬಹುದು. ಸುಮಾರು 25 ಸೆಂ.ಮೀ. ಉದ್ದದ ಆ ನಾಳದ ಮೇಲ್ತುದಿ ಮತ್ತು ಮೂತ್ರಕೋಶದ ಹಿಂದಿನ ಕೆಳತುದಿ ಅಲ್ಟ್ರಾಸೌಂಡಿಗೆ ಸಿಗುತ್ತವೆ; ನಡುವಿನ ಭಾಗವನ್ನು ಕರುಳಿನ ಗಾಳಿ ಮರೆಮಾಡುತ್ತದೆ. ಸಾದಾ ಸಿ.ಟಿ.ಗೆ ಆ ತೊಡಕಿಲ್ಲ. ಇಂಜೆಕ್ಷನ್ ಬೇಡ, ಕೆಲವೇ ನಿಮಿಷದ ಕೆಲಸ, 3 ಮಿ.ಮೀ. ಕಲ್ಲೂ ಸಿಗುತ್ತದೆ. ಎಕ್ಸ್‌-ರೇಯಲ್ಲಿ ಕಾಣದ ಯೂರಿಕ್ ಆಸಿಡ್ ಕಲ್ಲು ಕೂಡ ಇದರಲ್ಲಿ ಕಾಣುತ್ತದೆ. ಕಲ್ಲು ಎಷ್ಟು ಗಟ್ಟಿ ಎನ್ನುವ ಅಂಕಿಯೂ (ರಿಪೋರ್ಟಿನಲ್ಲಿ ‘HU’) ಸಿಗುತ್ತದೆ. ಅದು 1000 ದಾಟಿದ್ದರೆ ಹೊರಗಿನಿಂದ ಶಾಕ್‌ವೇವ್ ಕೊಟ್ಟು ಪುಡಿ ಮಾಡುವುದು ಕಷ್ಟ. ‘ಲೋ ಡೋಸ್’ನಲ್ಲಿ, ಅಂದರೆ ಕಡಿಮೆ ವಿಕಿರಣದಲ್ಲಿ ಮಾಡುತ್ತೀರಾ ಎಂದು ಕೇಳಿ. ಆಮೇಲಿನ ತಪಾಸಣೆಗೆ ಪ್ರತಿ ಸಲವೂ ಸಿ.ಟಿ. ಬೇಕಾಗುವುದಿಲ್ಲ.

ಒಂದು ಸಣ್ಣ ಸಂಶಯಕ್ಕೆ ಮಾತ್ರ ಜಾಗವಿದೆ. ಸ್ಕ್ಯಾನಿಂಗಿಗೆ ಮುಂಚೆ ಲೀಟರ್‌ಗಟ್ಟಲೆ ನೀರು ಕುಡಿದು, ತಡೆಯಲಾರದಷ್ಟು ಹೊತ್ತು ಕಾದಿದ್ದರೆ ಅದರಿಂದಲೇ ಕಿಡ್ನಿ ತುಸು ಊದಿದಂತೆ ಕಾಣಬಹುದು. ಒಂದು ಗಂಟೆ ಮುಂಚೆ ನಾಲ್ಕೈದು ಲೋಟ ಸಾಕು. ಮೂತ್ರ ಮಾಡಿ ಬಂದ ಮೇಲೆ ಕಿಡ್ನಿಯನ್ನು ಮತ್ತೊಮ್ಮೆ ನೋಡಿದ್ದರೇ ಎಂದು ವಿಚಾರಿಸಿ. ಆದರೆ ನಿಮಗೆ ನೋವೂ ಅದೇ ಪಕ್ಕೆಯಲ್ಲಿದ್ದರೆ ಈ ಕಾರಣ ಸಾಲದು. ಚಳಿಜ್ವರ ಬಂದರಂತೂ ಸಿ.ಟಿ. ಸರದಿಗೆ ಕಾಯದೆ ಅವತ್ತೇ ಆಸ್ಪತ್ರೆಗೆ ಹೋಗಿ: ಕಟ್ಟಿಕೊಂಡ ಕಿಡ್ನಿಯಲ್ಲಿ ಸೋಂಕಾದರೆ ಅದು ರಕ್ತಕ್ಕೆ ಹರಡಲು ಹೆಚ್ಚು ಹೊತ್ತು ಬೇಡ.

ಪ್ರಶ್ನೆ: ನಮ್ಮ ಯಜಮಾನರಿಗೆ 58. ಬೀಡಿ ಸೇದುತ್ತಾರೆ, ಶುಗರ್ ಮಾತ್ರೆ ತಗೊಳ್ತಾರೆ. ಎರಡು ಸಲ ಮೂತ್ರ ಕೆಂಪಗೆ ಹೋಯಿತು, ನೋವಿರಲಿಲ್ಲ, ತಾನಾಗಿಯೇ ನಿಂತಿತು. ಸ್ಕ್ಯಾನಿಂಗ್ ನಾರ್ಮಲ್. ಆದರೂ ಒಳಗೆ ದುರ್ಬೀನು ಹಾಕಿ ನೋಡಬೇಕಂತೆ. ಅವರು ಒಪ್ಪುತ್ತಿಲ್ಲ.
— ಗೃಹಿಣಿ, ದಾವಣಗೆರೆ

ಉತ್ತರ: ಒಪ್ಪಿಸಿ. ನೋವಿಲ್ಲದೆ ರಕ್ತ ಹೋಗುವುದೇ ಇಲ್ಲಿ ಹೆಚ್ಚು ಯೋಚನೆಯ ವಿಷಯ. ಮೂತ್ರಕೋಶದ ಗಡ್ಡೆ ಹೀಗೆಯೇ ಒಮ್ಮೆ ರಕ್ತ ತೋರಿಸಿ ತಿಂಗಳುಗಟ್ಟಲೆ ಸುಮ್ಮನಿರುತ್ತದೆ, ಬೀಡಿ ಅದಕ್ಕೆ ಮುಖ್ಯ ಕಾರಣಗಳಲ್ಲೊಂದು. ಕೆಲವೇ ಮಿಲಿಮೀಟರಿನ, ಗೋಡೆಗೆ ಚಪ್ಪಟೆಯಾಗಿ ಅಂಟಿದ ಬೆಳವಣಿಗೆ ಅಲ್ಟ್ರಾಸೌಂಡಿನಲ್ಲಿ ತಪ್ಪಿಹೋಗುತ್ತದೆ. ಮೂತ್ರಕೋಶ ಸರಿಯಾಗಿ ತುಂಬಿರದಿದ್ದರೆ ದೊಡ್ಡದೂ ತಪ್ಪುತ್ತದೆ.

ಅವರಿಗೆ ಎರಡು ಪರೀಕ್ಷೆ ಬೇಕು. ಕಿಡ್ನಿ ಮತ್ತು ಮೂತ್ರನಾಳಕ್ಕೆ ಔಷಧಿ ಕೊಟ್ಟು ಮಾಡುವ ಸಿ.ಟಿ. ಯೂರೋಗ್ರಾಂ, ಮೂತ್ರಕೋಶಕ್ಕೆ ಸಿಸ್ಟೊಸ್ಕೋಪಿ (ನೀವು ಹೇಳಿದ ದುರ್ಬೀನು). ಒಂದು ಇನ್ನೊಂದರ ಕೆಲಸ ಮಾಡುವುದಿಲ್ಲ. ಸಿ.ಟಿ.ಗೆ ಮುಂಚೆ ಕಿಡ್ನಿ ಹೇಗಿದೆಯೆಂದು ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆಯ ರಿಪೋರ್ಟ್ ಬೇಕು, ಏಕೆಂದರೆ ಕೊಡುವ ಅಯೋಡಿನ್ ಔಷಧಿ ಕಿಡ್ನಿಯ ಮೂಲಕವೇ ಹೊರಹೋಗಬೇಕು. ಶುಗರ್ ಮಾತ್ರೆ ಮೆಟ್‌ಫಾರ್ಮಿನ್ ಆಗಿದ್ದರೆ ತಪ್ಪದೆ ತಿಳಿಸಿ. ಕಿಡ್ನಿ ದುರ್ಬಲವಿದ್ದವರಿಗೆ 48 ಗಂಟೆ ನಿಲ್ಲಿಸುತ್ತಾರೆ. ಔಷಧಿ ಒಳಹೋದಾಗ ಮೈಯೆಲ್ಲ ಬಿಸಿಯಾಗಿ, ಮೂತ್ರ ಹೋಗಿಬಿಟ್ಟಿತೇನೋ ಅನ್ನಿಸುತ್ತದೆ. ಅದಕ್ಕೆ ಹೆದರಬೇಕಿಲ್ಲ. ಮೈ ತುರಿಸಿದರೆ, ಉಸಿರು ಕಟ್ಟಿದರೆ ಮಾತ್ರ ತಕ್ಷಣ ಕೂಗಬೇಕು.

ಸ್ಕೋಪಿಯ ಭಯಕ್ಕೆ ಬರೋಣ. 1879ರಲ್ಲಿ ವಿಯೆನ್ನಾದಲ್ಲಿ ಜರ್ಮನ್ ವೈದ್ಯ ಮ್ಯಾಕ್ಸ್ ನಿಟ್ಸೆ ತೋರಿಸಿದ ಸಿಸ್ಟೊಸ್ಕೋಪಿನ ತುದಿಯಲ್ಲಿ ಕಾದು ಹೊಳೆಯುವ ಪ್ಲಾಟಿನಂ ತಂತಿಯಿತ್ತು, ಅದನ್ನು ತಣ್ಣಗಿಡಲು ನೀರು ಹರಿಸಬೇಕಿತ್ತು. ಆ ಕಾಲದವರು ಹೆದರಿದ್ದರೆ ತಪ್ಪಿಲ್ಲ! ಈಗಿನ ಬಾಗುವ ಸ್ಕೋಪ್ ಸುಮಾರು 5 ಮಿ.ಮೀ. ದಪ್ಪ. ಮರಗಟ್ಟಿಸುವ ಲಿಗ್ನೊಕೇನ್ ಜೆಲ್ಲಿ ಸಾಕು, ಉಪವಾಸ ಬೇಡ, ನೋಡುವುದಕ್ಕೆ ಐದರಿಂದ ಹತ್ತು ನಿಮಿಷ. ಎಲ್ಲ ಕಡೆ ಇದು ಇರುವುದಿಲ್ಲ. ಗಟ್ಟಿ ಲೋಹದ ಸ್ಕೋಪ್ ಆದರೆ ಗಂಡಸರಿಗೆ ಸಾಮಾನ್ಯವಾಗಿ ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಾಡುತ್ತಾರೆ. ಯಾವುದೆಂದು ಮೊದಲೇ ಕೇಳಿ.

ನೋವಾಗುವುದು ಹೆಚ್ಚಾಗಿ ಅವಸರದಿಂದ. ಗಂಡಸರಿಗೆ 10ರಿಂದ 20 ಮಿ.ಲೀ. ಜೆಲ್ಲಿ ನಿಧಾನವಾಗಿ ಒಳಬಿಟ್ಟು, ಐದು-ಹತ್ತು ನಿಮಿಷ ಕಾಯಬೇಕು. ಹಾಕಿದ ಕೂಡಲೇ ಶುರುಮಾಡಿದರೆ ಮರಗಟ್ಟಿರುವುದಿಲ್ಲ. ಸ್ಕೋಪ್ ಪ್ರೊಸ್ಟೇಟ್ ಹತ್ತಿರ ಬಂದಾಗ ಒಂದು ಕ್ಷಣ ಚುರುಕ್ಕೆನ್ನುತ್ತದೆ. ಆಗ ಉಸಿರು ಬಿಗಿಹಿಡಿಯದೆ, ಮೂತ್ರ ಮಾಡುವವರಂತೆ ಸಡಿಲ ಬಿಟ್ಟರೆ ದಾರಿ ತೆರೆಯುತ್ತದೆ. ಮೂತ್ರದ ಕಲ್ಚರ್ (ಸೋಂಕಿನ ಪರೀಕ್ಷೆ) ಮೊದಲು ಆಗಿರಲಿ. ಸೋಂಕಿದ್ದಾಗ ಸ್ಕೋಪ್ ಹಾಕಿದರೆ ರೋಗಾಣು ರಕ್ತಕ್ಕೆ ಸೇರಬಹುದು. ರಕ್ತ ತೆಳುವಾಗಿಸುವ ಮಾತ್ರೆಯಿದ್ದರೆ ಹೇಳಿ, ನೀವಾಗಿ ನಿಲ್ಲಿಸಬೇಡಿ. ಆಮೇಲೆ ಒಂದೆರಡು ದಿನ ಉರಿ, ತುಸು ಗುಲಾಬಿ ಬಣ್ಣ ಸಹಜ. ಚಳಿಜ್ವರ, ರಕ್ತದ ಗಡ್ಡೆ, ಮೂತ್ರ ಕಟ್ಟಿಕೊಳ್ಳುವುದು ಸಹಜವಲ್ಲ, ರಾತ್ರಿಯಾದರೂ ಹೊರಡಿ.

ಪ್ರಶ್ನೆ: ಹತ್ತು ತಿಂಗಳ ಮಗನಿಗೆ ಎರಡು ಸಲ ಜ್ವರದೊಂದಿಗೆ ಮೂತ್ರದ ಸೋಂಕಾಗಿದೆ. ಎಂ.ಸಿ.ಯು. ಬರೆದಿದ್ದಾರೆ. ಮಂಪರು ಕೊಡುವುದಿಲ್ಲವಂತೆ. ಅಷ್ಟು ಚಿಕ್ಕ ಮಗುವಿಗೆ?
— ತಾಯಿ, ಶಿವಮೊಗ್ಗ

ಉತ್ತರ: ಎಂ.ಸಿ.ಯು. ಅಂದರೆ ಮೂತ್ರಕೋಶ ತುಂಬಿಸಿ ತೆಗೆಯುವ ಎಕ್ಸ್‌-ರೇ. ಮಗು ಮೂತ್ರ ಮಾಡುವಾಗಲೇ ಚಿತ್ರ ತೆಗೆಯಬೇಕು, ಆದ್ದರಿಂದ ಪೂರ್ತಿ ನಿದ್ದೆ ಮಾಡಿಸುವಂತಿಲ್ಲ. ಸುಮಾರು 2 ಮಿ.ಮೀ. ದಪ್ಪದ ನಳಿಕೆಯಿಂದ ಮೂತ್ರಕೋಶಕ್ಕೆ ಚಿತ್ರದಲ್ಲಿ ಕಾಣುವ ಔಷಧಿ ತುಂಬುತ್ತಾರೆ. ಈ ವಯಸ್ಸಿಗೆ ತೂಕದ ಕಿಲೋಗೆ 7 ಮಿ.ಲೀ. ಲೆಕ್ಕ, 8 ಕಿಲೋ ಮಗುವಿಗೆ 56 ಮಿ.ಲೀ. ತುಂಬಿದ್ದು ಕಡಿಮೆಯಾದರೆ ಮೂತ್ರ ಕಿಡ್ನಿಯ ಕಡೆಗೆ ಹಿಮ್ಮುಖ ಹರಿಯುವುದು ಕಾಣದೇ ಹೋಗಬಹುದು. ಗಂಡುಮಗುವಾದ್ದರಿಂದ ಮೂತ್ರ ಹೋಗುವಾಗ ಓರೆಯಿಂದ ತೆಗೆದ ಚಿತ್ರ ರಿಪೋರ್ಟಿನಲ್ಲಿ ಇರಲೇಬೇಕು. ದಾರಿಗೆ ಅಡ್ಡವಿರುವ ಪೊರೆ ಗೊತ್ತಾಗುವುದು ಅದರಲ್ಲೇ. ಸೋಂಕು ಪೂರ್ತಿ ವಾಸಿಯಾದ ಮೇಲೆ ಮಾಡಿಸಿ, ಆ್ಯಂಟಿಬಯೋಟಿಕ್ ಬರೆದಿದ್ದಾರೆಯೇ ನೋಡಿಕೊಳ್ಳಿ. ಆಮೇಲಿನ ಮೊದಲ ಮೂತ್ರಕ್ಕೆ ಮಗು ಅಳಬಹುದು. ಉಗುರುಬೆಚ್ಚಗಿನ ನೀರಿನ ಟಬ್ಬಿನಲ್ಲಿ ಕೂರಿಸಿ.

ಪ್ರಶ್ನೆ: ಕಲ್ಲು ತೆಗೆದು ಒಳಗೆ ಸ್ಟೆಂಟ್ ಬಿಟ್ಟಿದ್ದಾರೆ, ಎಂಟು ತಿಂಗಳಾಯಿತು. ತೊಂದರೆ ಏನೂ ಇಲ್ಲ. ಹಾಗೇ ಇರಲಿ ಬಿಡಬಹುದೇ?
— ಓದುಗರು, ಹಾವೇರಿ

ಉತ್ತರ: ಖಂಡಿತ ಬೇಡ. ಸಾಮಾನ್ಯ ಡಿ.ಜೆ. ಸ್ಟೆಂಟನ್ನು (ಕಿಡ್ನಿಯಿಂದ ಮೂತ್ರಕೋಶದವರೆಗೆ ಮೂತ್ರನಾಳದೊಳಗೆ ಇಡುವ ನಳಿಕೆ) ಕೆಲವು ವಾರಗಳಲ್ಲೇ ತೆಗೆಸಬೇಕು. ತಿಂಗಳುಗಳು ಕಳೆದಂತೆ ಅದರ ಮೇಲೆ ಕಲ್ಲು ಕಟ್ಟುತ್ತದೆ, ಆಗ ಎಳೆದರೆ ನಳಿಕೆ ತುಂಡಾಗಬಹುದು, ನಾಳವೂ ಹರಿಯಬಹುದು. ಈ ವಾರವೇ ಹೊಟ್ಟೆಯ ಎಕ್ಸ್‌-ರೇ ತೆಗೆಸಿ, ಡಿಸ್ಚಾರ್ಜ್ ಸಮರಿಯೊಂದಿಗೆ ಯೂರಾಲಜಿಸ್ಟರನ್ನು ಕಾಣಿ. ಎರಡು ತುದಿಯ ಸುರುಳಿಗಳಲ್ಲಿ ಕಲ್ಲು ಕಟ್ಟಿದ್ದರೆ ಮೊದಲು ಅದನ್ನು ಪುಡಿಮಾಡಿ, ಆಮೇಲೆ ಸ್ಟೆಂಟ್ ತೆಗೆಯುತ್ತಾರೆ.