ಆಯಿಲ್ ಬಿಸಿ ನೂರು ದಾಟಿದರೆ ಗಾಬರಿಯಾಗಬೇಕಾ?

ಪ್ರಶ್ನೆ: ನನ್ನದು ಒಂದೇ ಸಿಲಿಂಡರಿನ ಏರ್ ಕೂಲ್ಡ್ ಬೈಕ್. ಮೊನ್ನೆ ಆಯಿಲ್ ಮಟ್ಟ ನೋಡುವ ಹಳೆಯ ಕಡ್ಡಿ ತೆಗೆದು ಥರ್ಮಾಮೀಟರ್ ಇರುವ ಡಿಪ್‌ಸ್ಟಿಕ್ ಹಾಕಿಸಿದೆ, ಅವತ್ತಿನಿಂದ ನೆಮ್ಮದಿಯೇ ಇಲ್ಲ. ಟ್ರಾಫಿಕ್‌ನಲ್ಲಿ ಅರ್ಧ ಗಂಟೆ ತೆವಳಿದರೆ ಮುಳ್ಳು 115 ಡಿಗ್ರಿಗೆ ಹೋಗುತ್ತದೆ. ನೂರು ದಾಟಿದರೆ ಆಯಿಲ್ ಕುದಿಯುತ್ತೆ ಅಂತಾನೆ ನನ್ನ ಗೆಳೆಯ. ಆಯಿಲ್ ತಣ್ಣಗೆ ಮಾಡುವ ಕೂಲರ್ ಹಾಕಿಸಲಾ?

ಉತ್ತರ: ನೂರಕ್ಕೆ ಕುದಿಯುವುದು ನೀರು, ಆಯಿಲ್ ಅಲ್ಲ. ಅಷ್ಟನ್ನು ಮೊದಲು ಗೆಳೆಯನಿಗೆ ಹೇಳಿಬಿಡಿ. ಹಾಗೆ ನೋಡಿದರೆ ಆಯಿಲ್ ಆಗಾಗ ನೂರರ ಹತ್ತಿರ ಹೋಗುವುದೇ ಒಳ್ಳೆಯದು. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಮ್ಮಿ ಒಂದು ಲೀಟರ್ ನೀರು ಹುಟ್ಟುತ್ತದೆ. ಬಹುಪಾಲು ಸೈಲೆನ್ಸರಿನಿಂದ ಆವಿಯಾಗಿ ಹೋಗುತ್ತೆ, ಒಂಚೂರು ಪಿಸ್ಟನ್ ರಿಂಗ್ ಸಂದಿಯಿಂದ ಕೆಳಗೆ ಜಾರಿ ಆಯಿಲ್‌ಗೆ ಸೇರುತ್ತದೆ. ಎರಡು ಮೂರು ಕಿಲೋಮೀಟರ್ ಓಡಿಸಿ ನಿಲ್ಲಿಸಿಬಿಡುವ ಬೈಕಿನ ಆಯಿಲ್ ಮುಚ್ಚಳ ತೆಗೆದು ನೋಡಿ, ಒಳಗಡೆ ಮಜ್ಜಿಗೆ ಬಣ್ಣದ ಗಸಿ ಅಂಟಿರುತ್ತೆ. ಅದು ಬಿಸಿ ಸಾಲದೆ ಆದದ್ದು. ನಿಮ್ಮ ಡಬ್ಬಿಯ ಮೇಲೆ 20ಡಬ್ಲ್ಯೂ-50 ಅಂತ ಇದ್ದರೆ ಆ 50 ಕೂಡ 100 ಡಿಗ್ರಿಯಲ್ಲಿ ಆಯಿಲ್ ಎಷ್ಟು ಗಟ್ಟಿ ಇದೆ ಎನ್ನುವುದರ ಲೆಕ್ಕವೇ.

ಬೈಕಿನ ಕೈಪಿಡಿಯಲ್ಲಿ ಬೇರೆ ಮಿತಿ ಕೊಟ್ಟಿದ್ದರೆ ಅದನ್ನೇ ನಂಬಿ. ಇಲ್ಲದಿದ್ದರೆ ಏರ್ ಕೂಲ್ಡ್ ಎಂಜಿನ್‌ಗೆ ನಾನು ಇಟ್ಟುಕೊಂಡಿರುವ ಅಳತೆ ಇದು: 90ರಿಂದ 120ರವರೆಗೆ ತಲೆ ಕೆಡಿಸಿಕೊಳ್ಳುವುದಿಲ್ಲ, 130ರಲ್ಲಿ ನಿಂತೇಬಿಟ್ಟರೆ ವೇಗ ಇಳಿಸುತ್ತೇನೆ, 140 ಕಂಡರೆ ಗಾಡಿ ನಿಲ್ಲಿಸಿ ಕಾರಣ ಹುಡುಕುತ್ತೇನೆ. ಬಿಸಿ ಹತ್ತು ಡಿಗ್ರಿ ಏರಿದಾಗೆಲ್ಲ ಆಯಿಲ್ ಹಳಸುವ ವೇಗ ಸುಮಾರು ಎರಡು ಪಟ್ಟಾಗುತ್ತೆ ಅನ್ನುವುದು ಹಳೆಯ ಲೆಕ್ಕ. ಹಾಗಾಗಿ ಮೇಲಿನ ಆ ಹತ್ತು ಡಿಗ್ರಿಗಳೇ ದುಬಾರಿ.

ಆದರೆ ಆ 115 ನಿಜವಾಗಿಯೂ 115 ತಾನೇ? ಒಮ್ಮೆ ನನ್ನ ಡಿಪ್‌ಸ್ಟಿಕ್ 135 ತೋರಿಸಿತು ಅಂತ ಬಿಸಿಲಲ್ಲಿ ಇಪ್ಪತ್ತು ನಿಮಿಷ ರಸ್ತೆ ಬದಿ ನಿಂತಿದ್ದೆ. ಮನೆಗೆ ಬಂದು ಅದನ್ನು ಒರೆಸಿ, ಕುದಿಯುವ ನೀರಿನ ಪಾತ್ರೆಯಲ್ಲಿ ತುದಿ ಮಾತ್ರ ಮುಳುಗುವಂತೆ ಹಿಡಿದೆ. ಮುಳ್ಳು ಮೆಲ್ಲಗೆ ಏರಿ 112ರಲ್ಲಿ ನಿಂತುಬಿಟ್ಟಿತು! ಹನ್ನೆರಡು ಡಿಗ್ರಿ ಸುಳ್ಳು. ನೀವೂ ಹೀಗೆ ಪರೀಕ್ಷೆ ಮಾಡಿ. ಸಮುದ್ರಮಟ್ಟದಲ್ಲಿ 100 ತೋರಿಸಬೇಕು, 1000 ಮೀಟರ್ ಎತ್ತರದ ಊರಾದರೆ ನೀರು ಸುಮಾರು 97ಕ್ಕೇ ಕುದಿಯುತ್ತೆ, ಅದನ್ನು ಮರೆಯಬೇಡಿ. ಜೊತೆಗೆ ಹೊಸ ಕಡ್ಡಿಯನ್ನು ಹಳೆಯದರ ಪಕ್ಕ ಇಟ್ಟು ಉದ್ದ ನೋಡಿ. ಗಿಡ್ಡ ಇದ್ದರೆ ತುದಿ ಆಯಿಲ್ ಮುಟ್ಟುವುದೇ ಇಲ್ಲ, ಸುಮ್ನೆ ಒಳಗಿನ ಗಾಳಿಯ ಬಿಸಿ ತೋರಿಸುತ್ತಿರುತ್ತೆ. ಉದ್ದ ಜಾಸ್ತಿಯಾದರೆ ಒಳಗೆ ತಿರುಗುವ ಭಾಗಕ್ಕೆ ತಾಗಬಹುದು.

ಕೂಲರ್ ಈಗಲೇ ಬೇಡ. ಒಂದು ತಿಂಗಳು ಅದೇ ದಾರಿ, ಅದೇ ಹೊತ್ತು, ಎಷ್ಟು ತೋರಿಸಿತು ಅಂತ ಬರೆದಿಡಿ. ದಿನವೂ 110 ಬರುತ್ತಿದ್ದುದು ಒಂದು ದಿನ 125ಕ್ಕೆ ಬಂದರೆ ಅದು ಸುದ್ದಿ. ಆಗ ಆಯಿಲ್ ಮಟ್ಟ ನೋಡಿ. ಕಡಿಮೆ ಇದ್ದರೂ ಬಿಸಿಯಾಗುತ್ತೆ, ಜಾಸ್ತಿ ಸುರಿದಿದ್ದರೂ ಒಳಗೆ ತಿರುಗುವ ಕ್ರ್ಯಾಂಕ್ ಅದನ್ನು ಕಡೆದು ಕಡೆದು ಬಿಸಿ ಮಾಡುತ್ತದೆ. ಸಿಲಿಂಡರಿನ ರೆಕ್ಕೆಗಳಲ್ಲಿ ಕೆಸರು ಕಟ್ಟಿದೆಯಾ, ಪೆಟ್ರೋಲ್ ಕಡಿಮೆ ಗಾಳಿ ಜಾಸ್ತಿ ಹೋಗುತ್ತಿದೆಯಾ, ಪ್ಲಗ್ ಕಿಡಿ ಹಾರಿಸುವ ಟೈಮಿಂಗ್ ಸರಿಯಿದೆಯಾ ಅಂತಲೂ ನೋಡಬೇಕು. ಇದೆಲ್ಲ ಸರಿಯಿದ್ದೂ ಬಿಸಿ ಇಳಿಯದಿದ್ದರೆ ಕೂಲರ್ ಮಾತು. ಅದಕ್ಕೂ ಆಯಿಲ್ ಬಿಸಿಯಾದ ಮೇಲಷ್ಟೇ ಕೂಲರಿಗೆ ಬಿಡುವ ಥರ್ಮೋಸ್ಟಾಟ್ ಇರಲಿ, ಇಲ್ಲದಿದ್ದರೆ ಚಳಿಯಲ್ಲಿ ಮತ್ತೆ ಆ ಮಜ್ಜಿಗೆ ಗಸಿಯೇ.

ಇನ್ನೊಂದು ಮಾತು. ಓಡಿಸುತ್ತಾ ಬಗ್ಗಿ ಡಿಪ್‌ಸ್ಟಿಕ್ ನೋಡಬೇಡಿ, ದಯವಿಟ್ಟು.

ಪ್ರಶ್ನೆ: ಬೀಟಲ್ ಕಾರಿನ ಏರ್ ಕೂಲ್ಡ್ ಎಂಜಿನ್ ಹಿಂದೆ ಕೂರಿಸಿದ ಟ್ರೈಕ್, ಅಂದರೆ ಮೂರು ಚಕ್ರದ ಬೈಕ್, ನನ್ನದು. ಹ್ಯಾಂಡಲ್ ಮೇಲೆ ಆಯಿಲ್ ಟೆಂಪರೇಚರ್ ಮೀಟರ್ ಹಾಕಿದ್ದೇನೆ. ಒಮ್ಮೆ ಮುಳ್ಳು ಏಳುವುದೇ ಇಲ್ಲ, ಒಮ್ಮೆ ಒಂದೇ ಸಲಕ್ಕೆ ಕೆಂಪಿಗೆ ಹಾರುತ್ತದೆ.

ಉತ್ತರ: ಎರಡೂವರೆ ಲೀಟರ್ ಆಯಿಲ್ ಬಿಸಿಯಾಗಲು ಹೊತ್ತು ಬೇಕು, ಒಂದೇ ಸಲಕ್ಕೆ ಹಾರುವುದಿಲ್ಲ. ಹಾರಿದರೆ ಅದು ವೈರಿನ ಕೆಲಸ. ಈ ಸೆನ್ಸರುಗಳಲ್ಲಿ ಬಿಸಿ ಏರಿದಂತೆ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಒಡ್ಡುವ ತಡೆ, ಇಳಿಯುತ್ತೆ. ಆದ್ದರಿಂದ ವೈರ್ ಬಿಟ್ಟುಕೊಂಡರೆ ಮೀಟರ್ ತಣ್ಣಗೆ ತೋರಿಸುತ್ತದೆ, ವೈರ್ ಸವೆದು ಫ್ರೇಮಿಗೆ ತಾಗಿದರೆ ಪೂರ್ತಿ ಬಿಸಿ ತೋರಿಸುತ್ತದೆ. ಹಿಂದಿನಿಂದ ಹ್ಯಾಂಡಲ್‌ವರೆಗೆ ಬರುವ ಅಷ್ಟುದ್ದದ ವೈರ್ ಎಲ್ಲೋ ಉಜ್ಜುತ್ತಿದೆ, ಹುಡುಕಿ. ಒಂದೇ ವೈರಿನ ಸೆನ್ಸರ್ ಆದರೆ ಅದಕ್ಕೆ ಅರ್ಥ್ (ಕರೆಂಟ್ ವಾಪಸ್ ಹೋಗುವ ದಾರಿ) ಸಿಗುವುದು ಎಂಜಿನ್ನಿಗೆ ತಾಗಿದ ಅದರ ಲೋಹದ ಮೈಯಿಂದಲೇ, ಹಾಗಾಗಿ ಥ್ರೆಡ್‌ಗೆ ಟೆಫ್ಲಾನ್ ಟೇಪ್ ಸುತ್ತಿದ್ದರೆ ಬಿಚ್ಚಿ.

ಮುಳ್ಳು ಸರಿಹೋದ ಮೇಲೂ ಬಿಸಿ ನಿಜವೇ ಆದರೆ ಎಂಜಿನ್ ಸುತ್ತಲಿನ ತಗಡುಗಳನ್ನು ನೋಡಿ. ಅಂದಕ್ಕೆ ಅಂತ ಅವನ್ನು ಕಿತ್ತುಹಾಕಿರುತ್ತಾರೆ. ಆಗ ಎಂಜಿನ್ ಬಿಟ್ಟ ಬಿಸಿ ಗಾಳಿಯನ್ನೇ ಫ್ಯಾನ್ ಮತ್ತೆ ಎಳೆದುಕೊಳ್ಳುತ್ತೆ, ಆಯಿಲ್ ಕೂಲರ್‌ಗೂ ಅದೇ ಗತಿ.

ಪ್ರಶ್ನೆ: ನನ್ನದು ಲಿಕ್ವಿಡ್ ಕೂಲ್ಡ್ ಬೈಕ್, ಟೆಂಪರೇಚರ್ ಗೆರೆಗಳು ಬರುತ್ತವೆ. ಅಷ್ಟು ಸಾಲದೇ?

ಉತ್ತರ: ಅದು ಕೂಲೆಂಟಿನ, ಅಂದರೆ ಎಂಜಿನ್ ತಣಿಸುವ ದ್ರವದ ಬಿಸಿ. ದಿನದ ಓಡಾಟಕ್ಕೆ ಸಾಕು. ಆಯಿಲ್ ಬಿಸಿಯಾಗುವುದು ಅದಕ್ಕಿಂತ ತಡ ಅಲ್ವಾ, ಅದಕ್ಕೇ ಗೆರೆಗಳು ಮಧ್ಯಕ್ಕೆ ಬಂದ ಮೇಲೂ ಇನ್ನೊಂದೈದು ನಿಮಿಷ ಆಕ್ಸಿಲರೇಟರ್ ಜೋರಾಗಿ ತಿರುಗಿಸಬೇಡಿ.