ಗುಲಾಮಗಿರಿ ಮುಗಿದ ಮೇಲೆ ಆಫ್ರಿಕನ್-ಅಮೆರಿಕನ್ನರು ಅಂಗಡಿ ಇಟ್ಟು ಸಂಸಾರ ನಡೆಸಿದ್ದು ಹೇಗೆ?

ಎಲ್ಲರದ್ದೂ ಒಂದೇ ಕಥೆಯಲ್ಲ. ಅಟ್ಲಾಂಟಾದ ಅಲೊಂಜೊ ಹರ್ನ್‌ಡನ್ ಅವರ ಬದುಕು ನೋಡಿದರೆ ಸ್ವಲ್ಪ ಅಂದಾಜಾಗುತ್ತದೆ.

1858ರಲ್ಲಿ ಜಾರ್ಜಿಯಾದಲ್ಲಿ ಹುಟ್ಟಿದರು. ತಾಯಿ ಗುಲಾಮಳು, ಅಪ್ಪ ಅವಳ ಬಿಳಿಯ ಯಜಮಾನ. ಬಿಡುಗಡೆಯಾದಾಗ ಕೈಯಲ್ಲಿ ಬಿಡಿಗಾಸಿರಲಿಲ್ಲ. ಹೊಲದಲ್ಲಿ ದುಡಿದರು, ಕಡಲೆಕಾಯಿ ಮಾರಿದರು, ಕ್ಷೌರದ ಕೆಲಸ ಕಲಿತು ಅಟ್ಲಾಂಟಾ ಸೇರಿದರು.

ಪೀಚ್‌ಟ್ರೀ ಬೀದಿಯಲ್ಲಿದ್ದ ಅವರ ಕಟಿಂಗ್ ಶಾಪ್‌ ಸಾಮಾನ್ಯದ್ದಲ್ಲ. ಅಮೃತಶಿಲೆ, ತೂಗುದೀಪ, ಸಾಲು ಸಾಲು ಕುರ್ಚಿ. ಆದರೆ ಕತ್ತರಿ ಹಿಡಿದವರೆಲ್ಲ ಕಪ್ಪು ಜನ, ಕುರ್ಚಿಯಲ್ಲಿ ಕೂರುವವರೆಲ್ಲ ಬಿಳಿಯರು. ಮಾಲೀಕರ ಸ್ವಂತ ಜನಕ್ಕೇ ಅಲ್ಲಿ ಕಟಿಂಗ್ ಇಲ್ಲ! ವಿಚಿತ್ರ ಅನ್ನಿಸುತ್ತೆ ಅಲ್ವಾ? ಆಗಿನ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಜಾಸ್ತಿ ದುಡ್ಡು ಕೊಡುವ ಗಿರಾಕಿ ಬೇಕೆಂದರೆ ಬೇರೆ ದಾರಿ ಕಮ್ಮಿ ಇತ್ತು, ಹಾಗಾಗಿ ನಾನಂತೂ ಅವರನ್ನು ಸುಮ್ನೆ ದೂರಲಾರೆ. ಇಷ್ಟಾದರೂ 1906ರಲ್ಲಿ ಅಟ್ಲಾಂಟಾದಲ್ಲಿ ಕಪ್ಪು ಜನರ ಮೇಲೆ ನಡೆದ ಗಲಭೆಯಲ್ಲಿ ಬಿಳಿಯರ ಗುಂಪು ಆ ಅಂಗಡಿಯನ್ನೂ ಬಿಡಲಿಲ್ಲ, ಕಿಟಕಿ ಗಾಜು ಪುಡಿ ಮಾಡಿತು.

ಅದಕ್ಕೂ ಮೊದಲೇ, 1905ರಲ್ಲಿ, ನಡೆಸಲಾಗದೆ ಸೊರಗಿದ್ದ ಒಂದು ಸಣ್ಣ ಪರಸ್ಪರ ಸಹಾಯ ಸಂಘವನ್ನು 140 ಡಾಲರಿಗೆ ಕೊಂಡಿದ್ದರು. ಕಾಯಿಲೆ, ಸಾವಿನ ಖರ್ಚಿಗೆ ಬಡವರು ಚಿಲ್ಲರೆ ಕಟ್ಟುತ್ತಿದ್ದ ಸಂಘ. ಮುಂದೆ ಅದೇ ಅಟ್ಲಾಂಟಾ ಲೈಫ್ ವಿಮಾ ಕಂಪನಿಯಾಯಿತು.

ಹೆಂಡತಿ ಏಡ್ರಿಯೆನ್ ಅಟ್ಲಾಂಟಾ ವಿಶ್ವವಿದ್ಯಾಲಯದಲ್ಲಿ ಭಾಷಣಕಲೆ, ನಾಟಕ ಹೇಳಿಕೊಡುತ್ತಿದ್ದರು. ಹೊಸ ಮನೆಯ ನಕ್ಷೆ ಅವರದ್ದೇ. 1910ರಲ್ಲಿ ಮನೆ ಮುಗಿಯಿತು, ಅದೇ ವರ್ಷ ಅವರು ತೀರಿಕೊಂಡರು. 1927ರಲ್ಲಿ ಅಲೊಂಜೊ ಹೋದ ಮೇಲೆ ಕಂಪನಿ ನೋಡಿಕೊಂಡದ್ದು ಒಬ್ಬನೇ ಮಗ ನಾರಿಸ್.