ಸಂಪಾದಕರ ಉತ್ತರ: ವಾಲ್ವ್ ಯಾವುದು ಅನ್ನುವ ಮೊದಲು, ಲ್ಯಾಬ್ ಎಷ್ಟು ದೂರ?

ಬನಹಟ್ಟಿಯ ಓದುಗರೊಬ್ಬರು ನಾಲ್ಕು ಪುಟ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ. ಪತ್ರದ ಸಾರ ಇಷ್ಟು. ಗಂಡನಿಗೆ 47 ವರ್ಷ, ಮನೆಯಲ್ಲೇ ಎರಡು ಪಾವರ್‌ಲೂಮ್ ನಡೆಸುತ್ತಾರೆ. ಚಿಕ್ಕಂದಿನಲ್ಲಿ ಕೀಲು ಬಾತು ಜ್ವರ ಬಂದಿತ್ತಂತೆ, ಯಾರೂ ಲೆಕ್ಕಕ್ಕಿಟ್ಟಿರಲಿಲ್ಲ. ಎರಡು ವರ್ಷದಿಂದ ಮಾಳಿಗೆ ಹತ್ತಿದರೆ ದಮ್ಮು ಕಟ್ಟುತ್ತದೆ. ಹೃದಯದ ಸ್ಕ್ಯಾನ್, ಅಂದರೆ ಎಕೋ ಮಾಡಿಸಿದರೆ, ಹೃದಯದ ಎಡಭಾಗದ ಎರಡು ಕೋಣೆಗಳ ನಡುವಿನ ಬಾಗಿಲಾದ ಮೈಟ್ರಲ್ ವಾಲ್ವ್ ಸಣ್ಣದಾಗಿದೆ, ಸೋರುತ್ತಲೂ ಇದೆ, ಬದಲಿಸಲೇಬೇಕು ಅಂದರು. ಬೆಳಗಾವಿಯ ಸರ್ಜನ್ ಲೋಹದ ವಾಲ್ವ್ ಹಾಕೋಣ ಅನ್ನುತ್ತಾರೆ. ಮಿರಜದ ಡಾಕ್ಟರು ಪ್ರಾಣಿಯ ಅಂಗಾಂಶದ ಟಿಶ್ಯೂ ವಾಲ್ವ್ ಹಾಕಿಸಿಕೊಂಡರೆ ರಕ್ತ ತೆಳು ಮಾಡುವ ಗುಳಿಗೆಯ ಕಾಟ ಇರೋದಿಲ್ಲ ಅನ್ನುತ್ತಾರೆ. ಅತ್ತೆಯವರದು ‘ದನದ ಚರ್ಮ ನನ್ನ ಮಗನ ಎದಿಯಾಗ ಬ್ಯಾಡ’ ಎಂಬ ಹಟ. ಪಕ್ಕದ ಮನೆಯವರು ‘ಲೋಹದ್ದು ಹಾಕಿಸಿದ್ರ ಸಾಯೂತನಕ ಇಲಿ ಪಾಷಾಣ ನುಂಗಬೇಕು’ ಎಂದು ಹೆದರಿಸಿದ್ದಾರೆ. ‘ಎರಡರಾಗ ಯಾವುದು ಛಲೋ, ಒಂದ ಮಾತಿನಾಗ ಹೇಳ್ರಿ ಅಣ್ಣಾರ’ ಎಂದು ಪತ್ರ ಮುಗಿದಿದೆ.

ತಂಗೀ, ಒಂದೇ ಮಾತಿನಲ್ಲಿ ಹೇಳುವಂತಿದ್ದರೆ ಆ ಇಬ್ಬರು ಡಾಕ್ಟರೇ ಹೇಳಿ ಮುಗಿಸುತ್ತಿದ್ದರು. ನಾನು ಡಾಕ್ಟರಲ್ಲ. ಆದರೆ ವಿಜಯಪುರದಲ್ಲಿರುವ ನಮ್ಮಕ್ಕನ ಎದೆಯಲ್ಲಿ 2004ರಿಂದ ಲೋಹದ ವಾಲ್ವ್ ಇದೆ, ಅದೂ ಮೈಟ್ರಲ್ ಜಾಗದಲ್ಲೇ. ಆಗ ನಮ್ಮ ಮನೆಯಲ್ಲೂ ಇದೇ ಚರ್ಚೆ, ಇದೇ ಹಟ, ಇದೇ ಪಕ್ಕದ ಮನೆಯವರು. ಅದರ ಸಲುಗೆಯಿಂದ ಉತ್ತರ ಸ್ವಲ್ಪ ಉದ್ದ ಮಾಡುತ್ತೇನೆ.

ಮೊದಲು ವಸ್ತು ಎಂಥದ್ದು ನೋಡೋಣ. ‘ಲೋಹದ ವಾಲ್ವ್’ ಅಂತ ಬಾಯಿಮಾತಿಗೆ ಅನ್ನುತ್ತೇವೆ. ಈಗ ಹೆಚ್ಚು ಹಾಕುವುದರಲ್ಲಿ ಎರಡು ಅರ್ಧಚಂದ್ರದಂಥ ಬಾಗಿಲುಗಳಿರುತ್ತವೆ, ಅವು ಗಟ್ಟಿ ಕಾರ್ಬನ್ನಿನವು. ಮಿನಿಟಿಗೆ 70ರಂತೆ ದಿನಕ್ಕೆ ಒಂದು ಲಕ್ಷ ಸಲ ತೆರೆದು ಮುಚ್ಚಿದರೂ ಸವೆಯುವುದಿಲ್ಲ. ನಮ್ಮ ದೇಶದ್ದೇ ಆದ ಚಿತ್ರಾ ವಾಲ್ವ್ ಕೂಡ ಇದೆ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಡಾ. ಎಂ. ಎಸ್. ವಲಿಯತ್ತಾನ್ ಅವರ ತಂಡ ಮೂರು ಮಾದರಿ ಮಾಡಿ ಸೋತು, ನಾಲ್ಕನೆಯದರಲ್ಲಿ ಗೆದ್ದು, 1990ರ ಡಿಸೆಂಬರಿನಲ್ಲಿ ಮೊದಲ ರೋಗಿಗೆ ಹಾಕಿತು. ಅದರ ತಿರುಗುವ ಬಿಲ್ಲೆ ಒಂದು ಜಾತಿಯ ಗಟ್ಟಿ ಪ್ಲಾಸ್ಟಿಕ್ಕಿನದು, ಹಾಗಾಗಿ ಸಪ್ಪಳ ಕಡಿಮೆ, ಬೆಲೆಯೂ ಕಡಿಮೆ. ಕಡಿಮೆ ಬೆಲೆ ಎಂದು ಮೂಗು ಮುರಿಯುವವರಿದ್ದಾರೆ. ಲಕ್ಷಕ್ಕೂ ಹೆಚ್ಚು ಜನರ ಎದೆಯಲ್ಲಿ ಕೂತಿರುವ ವಸ್ತು ಅದು.

ಟಿಶ್ಯೂ ವಾಲ್ವ್ ಎಂದರೆ ಹಂದಿಯ ಹೃದಯದ ವಾಲ್ವ್, ಇಲ್ಲವೇ ದನದ ಹೃದಯದ ಸುತ್ತಲಿನ ಪೊರೆಯನ್ನು ಕತ್ತರಿಸಿ ಹೊಲಿದದ್ದು. ರಾಸಾಯನಿಕದಲ್ಲಿ ಹದ ಮಾಡಿರುತ್ತಾರೆ, ಜೀವಕಣ ಉಳಿದಿರುವುದಿಲ್ಲ. ನಿಮ್ಮ ಅತ್ತೆಯವರ ಮಾತಿಗೆ ನಾನು ನಗುವುದಿಲ್ಲ. ನಮ್ಮವ್ವನೂ ಅದನ್ನೇ ಅಂದಿದ್ದಳು. ಆದರೆ ಎದೆ ತೆರೆದು ವಾಲ್ವ್ ಬದಲಿಸುವ ಯಾವ ಆಪರೇಶನ್ನಿನಲ್ಲೂ ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಹೆಚ್ಚಾಗಿ ಬರುವುದು ಹಂದಿಯ ಕರುಳಿನಿಂದ. ಲೋಹದ್ದು ಹಾಕಿದರೂ ಅದು ತಪ್ಪದು. ಈ ಸಾಲನ್ನು ಅತ್ತೆಯವರಿಗೆ ಓದಿ ಹೇಳಬೇಡಿ. ಎದೆ ಯಾರದೋ ಅವರು ಒಪ್ಪಿದರೆ ಸಾಕು.

ಟಿಶ್ಯೂ ವಾಲ್ವಿನ ತೊಂದರೆ ಬೇರೆ. ಅದಕ್ಕೆ ಕಾಲಕ್ರಮದಲ್ಲಿ ಸುಣ್ಣ ಕಟ್ಟುತ್ತದೆ, ಬಿರುಸಾಗುತ್ತದೆ, ಹರಿಯುತ್ತದೆ. ಸಾಮಾನ್ಯವಾಗಿ 10–15 ವರ್ಷ, ಮೈಟ್ರಲ್ ಜಾಗದಲ್ಲಿ ಇನ್ನೂ ಬೇಗ. ವಯಸ್ಸು ಚಿಕ್ಕದಿದ್ದಷ್ಟೂ ಬೇಗ ಕೆಡುತ್ತದೆ. 70ರ ಅಜ್ಜನಿಗೆ ಹಾಕಿದರೆ ಅವನ ಆಯುಷ್ಯಕ್ಕೆ ಸಾಲುತ್ತದೆ. 47ರ ನಿಮ್ಮ ಮನೆಯವರಿಗೆ ಹಾಕಿದರೆ 60ರ ಆಸುಪಾಸಿನಲ್ಲಿ ಮತ್ತೆ ಎದೆ ತೆರೆಯಬೇಕಾಗಬಹುದು, ಎರಡನೇ ಸಲದ ಆಪರೇಶನ್ ಮೊದಲಿನದಕ್ಕಿಂತ ಕಠಿಣ. ‘ಆಗ ತೊಡೆಯ ನಾಳದಿಂದಲೇ ಹೊಸ ವಾಲ್ವ್ ಕೂಡಿಸಬಹುದು’ ಎಂದು ಮಿರಜದವರು ಹೇಳಿರಬಹುದು. ಅದು ಸುಳ್ಳಲ್ಲ, ಹಳೇ ಟಿಶ್ಯೂ ವಾಲ್ವಿನ ಒಳಗೇ ಹೊಸದನ್ನು ಬಿಚ್ಚಿಡುತ್ತಾರೆ. ಆದರೆ ಮೊದಲು ಹಾಕಿದ ವಾಲ್ವ್ ಸಣ್ಣ ಅಳತೆಯದಾಗಿದ್ದರೆ ಒಳಗೆ ಜಾಗ ಸಾಲದು, ಮತ್ತು ಇವತ್ತಿನ ದರದಲ್ಲಿ ಅದು ಹತ್ತಾರು ಲಕ್ಷದ ಬಾಬತ್ತು. ಈ ಮಾತು ನಂಬಿ ಟಿಶ್ಯೂ ಹಾಕಿಸುವುದಾದರೆ, ಯಾವ ಅಳತೆಯದು ಹಾಕುತ್ತೀರಿ, ಮುಂದೆ ಅದರೊಳಗೆ ಇನ್ನೊಂದು ಹಿಡಿಸುತ್ತದೆಯೇ ಎಂದು ಈಗಲೇ ಕೇಳಿ.

ಅಮೆರಿಕದ ಹೃದ್ರೋಗ ತಜ್ಞರ 2020ರ ಮಾರ್ಗಸೂಚಿ ಮೈಟ್ರಲ್ ಜಾಗಕ್ಕೆ 65ರ ಒಳಗಿನವರಿಗೆ ಲೋಹದ್ದು ಸೂಕ್ತ ಅನ್ನುತ್ತದೆ, ರಕ್ತ ತೆಳು ಮಾಡುವ ಗುಳಿಗೆ ತೆಗೆದುಕೊಳ್ಳಲು ಅಡ್ಡಿಯಿಲ್ಲದಿದ್ದರೆ ಮಾತ್ರ. ಆ ಕೊನೆಯ ಷರತ್ತಿನಲ್ಲೇ ನಿಮ್ಮ ಪ್ರಶ್ನೆಯ ಉತ್ತರ ಕೂತಿದೆ.

ಇಲಿ ಪಾಷಾಣದ ಮಾತು ಆ ಗುಳಿಗೆಯದೇ, ಲೋಹದ್ದು ಹಾಕಿಸಿದವರು ಅದನ್ನು ಜೀವಮಾನವಿಡೀ ನುಂಗಬೇಕು. ಪಕ್ಕದ ಮನೆಯವರು ಪೂರ್ತಿ ಸುಳ್ಳು ಹೇಳಿಲ್ಲ. 1920ರ ದಶಕದಲ್ಲಿ ಅಮೆರಿಕ, ಕೆನಡಾಗಳಲ್ಲಿ ಬೂಸು ಹಿಡಿದ ಮೇವು ತಿಂದ ದನಗಳು ರಕ್ತ ಸೋರಿ ಸಾಯತೊಡಗಿದವು. 1933ರಲ್ಲಿ ಒಬ್ಬ ರೈತ ಹೆಪ್ಪುಗಟ್ಟದ ರಕ್ತವನ್ನು ಹಾಲಿನ ಕ್ಯಾನಿನಲ್ಲಿ ತುಂಬಿಕೊಂಡು ವಿಸ್ಕಾನ್ಸಿನ್ ವಿಶ್ವವಿದ್ಯಾಲಯಕ್ಕೆ ಹೋದ. ಅಲ್ಲಿನ ಕಾರ್ಲ್ ಲಿಂಕ್ ಮತ್ತು ಸಂಗಡಿಗರು ಆ ಮೇವಿನ ವಿಷವನ್ನು ಹುಡುಕಿ ತೆಗೆದರು. ಅದರ ಸಂಬಂಧಿಯಾದ ವಾರ್ಫರಿನ್ 1948ರಲ್ಲಿ ಇಲಿ ಕೊಲ್ಲಲು ಬಂತು, 1954ರಲ್ಲಿ ಮನುಷ್ಯರ ಔಷಧಿಯಾಗಿ ಒಪ್ಪಿಗೆ ಪಡೆಯಿತು. ನಮ್ಮ ಕಡೆ ಹೆಚ್ಚು ಬರೆಯುವ ಅಸಿಟ್ರೋಮ್ ಇದೇ ಕುಲದ್ದು. ಅಳತೆ ತಪ್ಪಿದರೆ ಪಾಷಾಣವೇ. ಆ ಅಳತೆ ನೋಡುವುದಕ್ಕೇ, ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಎಂದು ತೋರಿಸುವ ಪಿಟಿ-ಐಎನ್‌ಆರ್ ಎಂಬ ರಕ್ತ ಪರೀಕ್ಷೆ. ನಮ್ಮ ನಿಮ್ಮ ರಕ್ತದಲ್ಲಿ ಅದು 1ರ ಹತ್ತಿರ ಇರುತ್ತದೆ. ಮೈಟ್ರಲ್ ಲೋಹದ ವಾಲ್ವ್ ಇದ್ದವರಿಗೆ 2.5ರಿಂದ 3.5ರ ನಡುವೆ ಇರಬೇಕು. ಕೆಳಗಿಳಿದರೆ ವಾಲ್ವಿಗೆ ಹೆಪ್ಪು ಮೆತ್ತಿಕೊಳ್ಳುತ್ತದೆ, ತುಣುಕು ಮಿದುಳಿಗೆ ಹೋದರೆ ಲಕ್ವ. ಬಹಳ ಮೇಲೇರಿದರೆ ಒಳಗೇ ರಕ್ತಸ್ರಾವ. ಈಗ ಪರೀಕ್ಷೆ ಬೇಡದ ಹೊಸ ಗುಳಿಗೆಗಳು ಬಂದಿವೆಯಲ್ಲ ಎಂದು ಯಾರಾದರೂ ಹೇಳಿದರೆ ಕಿವಿಗೊಡಬೇಡಿ. ಆ ಹೊಸ ಗುಳಿಗೆಗಳಲ್ಲೊಂದಾದ ಡಾಬಿಗಟ್ರಾನನ್ನು ಲೋಹದ ವಾಲ್ವಿನವರ ಮೇಲೆ ಪರೀಕ್ಷಿಸಲು ಹೋಗಿ, ಹೆಪ್ಪೂ ಹೆಚ್ಚು ರಕ್ತಸ್ರಾವವೂ ಹೆಚ್ಚು ಎಂದು ಕಂಡು ನಡುವೆಯೇ ನಿಲ್ಲಿಸಿದರು.

ಅಕ್ಕನ ಅಡುಗೆಮನೆಯ ಕ್ಯಾಲೆಂಡರ್ ನೋಡಬೇಕು ನೀವು. ಹಾಲಿನ ಲೆಕ್ಕ, ಗ್ಯಾಸಿನ ದಿನಾಂಕದ ನಡುವೆ ಕೆಂಪು ಪೆನ್ನಿನಲ್ಲಿ 2.8, 3.1, 2.2 ಎಂದು ಬರೆದಿರುತ್ತದೆ. ಗುಳಿಗೆ ಸಂಜೆ ಆರಕ್ಕೆ. ಸಂಜೆಯೇ ಯಾಕೆ ಅಂದರೆ, ಬೆಳಿಗ್ಗೆ ರಕ್ತ ಕೊಟ್ಟರೆ ಮಧ್ಯಾಹ್ನ ರಿಪೋರ್ಟ್ ಬರುತ್ತದೆ, ಅದೇ ದಿನ ಅಳತೆ ಬದಲಿಸಬಹುದು. ಮೊದಲ ವರ್ಷ ಅವಳಿಗೆ ಪಲ್ಲೆ ತಿನ್ನಲೇಬೇಡ ಎಂದು ಯಾರೋ ಹೇಳಿದ್ದರು. ಪುಂಡಿಪಲ್ಲೆ ಇಲ್ಲದೆ ರೊಟ್ಟಿ ಹೇಗೆ ತಿನ್ನೋದು ಎಂದು ಅಳುತ್ತಿದ್ದಳು. ಆಮೇಲೆ ಒಬ್ಬ ಒಳ್ಳೆಯ ಡಾಕ್ಟರು ತಿಳಿಸಿ ಹೇಳಿದರು: ಮೆಂತ್ಯ, ಪಾಲಕ, ರಾಜಗಿರಿ, ಎಲ್ಲದರಲ್ಲೂ ವಿಟಮಿನ್ ಕೆ ಇದೆ, ಅದು ಗುಳಿಗೆಯ ಕೆಲಸವನ್ನು ತಗ್ಗಿಸುತ್ತದೆ, ಆದರೆ ನೀವು ವಾರವಾರ ಒಂದೇ ಲೆಕ್ಕದಲ್ಲಿ ತಿಂದರೆ ಆ ಲೆಕ್ಕಕ್ಕೆ ಗುಳಿಗೆ ಹೊಂದಿಸುತ್ತೇವೆ. ಅಷ್ಟಾದರೂ ಚಳಿಗಾಲದಲ್ಲಿ ಸೊಪ್ಪು ಅಗ್ಗವಾದಾಗ ಅವಳ ನಂಬರ್ ಇಳಿಯುತ್ತದೆ, ಬೇಸಿಗೆಯಲ್ಲಿ ಏರುತ್ತದೆ. ಶ್ರಾವಣದ ಉಪವಾಸದಲ್ಲೂ ಏರುತ್ತದೆ.

2011ರಲ್ಲಿ ನಡೆದದ್ದನ್ನು ಬರೆಯಲೇಬೇಕು. ಅಕ್ಕನ ಹಲ್ಲು ಕೀಳಿಸಬೇಕಿತ್ತು. ಹಲ್ಲಿನ ಡಾಕ್ಟರು ರಕ್ತ ನಿಲ್ಲುವುದಿಲ್ಲವೆಂದು ಗುಳಿಗೆ ಬಿಡಿಸಿದರು. ಮತ್ತೆ ಯಾವಾಗ ಶುರು ಮಾಡಬೇಕು ಎಂದು ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಹದಿನೈದು ದಿನ ಕಳೆದಿರಬೇಕು. ಒಂದು ರಾತ್ರಿ ಅಕ್ಕ ಎದ್ದು ಕೂತು, ‘ನನ್ನ ಗಡಿಯಾರ ಕೇಳವಲ್ದು’ ಅಂದಳು. ಅವಳ ವಾಲ್ವಿನ ಸಪ್ಪಳ ನಮಗೆಲ್ಲ ಪರಿಚಿತ. ಪಡಸಾಲೆಯಲ್ಲಿ ಫ್ಯಾನ್ ಬಂದ್ ಮಾಡಿದರೆ ಟಿಕ್ ಟಿಕ್ ಎಂದು ಕೇಳುತ್ತಿತ್ತು, ಮೊಮ್ಮಕ್ಕಳು ಅವಳ ಎದೆಗೆ ಕಿವಿಯಿಟ್ಟು ಆಡುತ್ತಿದ್ದರು. ಅವತ್ತು ಮಾವ ಕಿವಿಯಿಟ್ಟರು, ಬರೀ ಮಂಕಾದ ಸದ್ದು. ಬೆಳಗಾಗುವಷ್ಟರಲ್ಲಿ ಅಡ್ಡ ಮಲಗಲಾರದಷ್ಟು ದಮ್ಮು. ವಾಲ್ವಿಗೆ ಹೆಪ್ಪು ಕಟ್ಟಿ ಬಾಗಿಲು ಸಿಕ್ಕಿಕೊಂಡಿತ್ತು. ಹೆಪ್ಪು ಕರಗಿಸುವ ಔಷಧಿ ಏರಿಸಿದರು, ಮರುದಿನ ಟಿಕ್ ಟಿಕ್ ಮರಳಿತು. ಎಲ್ಲರಿಗೂ ಹೀಗೆ ಸುಸೂತ್ರವಾಗುವುದಿಲ್ಲ, ಕೆಲವರಿಗೆ ಮತ್ತೆ ಎದೆ ತೆರೆಯಬೇಕಾಗುತ್ತದೆ. ಹಾಗಾಗಿ ಹಲ್ಲು, ಕಣ್ಣು, ಏನೇ ಆಪರೇಶನ್ ಇರಲಿ, ಹೃದಯದ ಡಾಕ್ಟರನ್ನು ಕೇಳದೆ ಒಂದು ದಿನವೂ ಗುಳಿಗೆ ಬಿಡಬಾರದು. ಹಲ್ಲು ಕೀಳಿಸುವ ಮುಂಚೆ ಆಂಟಿಬಯಾಟಿಕ್ ಬೇಕು, ಅದು ಟಿಶ್ಯೂ ವಾಲ್ವಿನವರಿಗೂ ಬೇಕು. ಮೈಕೈ ನೋವಿಗೆ ಊರ ಡಾಕ್ಟರು ಕುಂಡೆಗೆ ಚುಚ್ಚುವ ಸೂಜಿ ಬೇಡ, ಒಳಗೆ ರಕ್ತ ಗಡ್ಡೆ ಕಟ್ಟುತ್ತದೆ. ಅಂಗಡಿಯ ನೋವಿನ ಗುಳಿಗೆಯೂ ಬೇಡ. ಅಸಿಟ್ರೋಮ್ ಇಲ್ಲವೆಂದು ಅಂಗಡಿಯವ ವಾರ್ಫರಿನ್ ಕೊಟ್ಟರೆ ತರಬೇಡಿ, ಎರಡರ ಅಳತೆ ಬೇರೆ.

ಇಷ್ಟು ಓದಿ ಟಿಶ್ಯೂ ಕಡೆಗೇ ಮನಸ್ಸು ವಾಲಿತೇ? ಸ್ವಲ್ಪ ತಡೆಯಿರಿ. ನಿಮ್ಮ ಪತ್ರದಲ್ಲಿ ಒಂದು ಸಾಲಿದೆ: ‘ಒಮ್ಮೊಮ್ಮೆ ಎದಿ ತಾಳ ತಪ್ಪಿದಂಗ ಬಡೀತದ ಅಂತಾರ.’ ಕೀಲುಜ್ವರದಿಂದ ಮೈಟ್ರಲ್ ಕೆಟ್ಟವರಲ್ಲಿ ಹೃದಯದ ಮೇಲಿನ ಕೋಣೆ ಹಿಗ್ಗಿ ಬಡಿತ ಅಡ್ಡಾದಿಡ್ಡಿಯಾಗುವುದು ಬಹಳ. ಇಸಿಜಿಯಲ್ಲಿ ಅದು ಖಾತ್ರಿಯಾದರೆ, ಯಾವ ವಾಲ್ವ್ ಹಾಕಿದರೂ ರಕ್ತ ತೆಳು ಮಾಡುವ ಗುಳಿಗೆ ಬಹುಶಃ ತಪ್ಪುವುದಿಲ್ಲ. ಗುಳಿಗೆಯೂ ಇದ್ದು, ಹದಿನೈದು ವರ್ಷದೊಳಗೆ ಮತ್ತೊಂದು ಆಪರೇಶನ್ನೂ ಆಗುವುದಾದರೆ ಟಿಶ್ಯೂ ಹಾಕಿಸಿ ಸಿಕ್ಕ ಲಾಭವೇನು? ಮಿರಜಕ್ಕೆ ಮತ್ತೆ ಹೋದರೆ ಮೊದಲು ಕೇಳಬೇಕಾದದ್ದು ಇದನ್ನೇ. ಜೊತೆಗೆ, ವಾಲ್ವ್ ರಿಪೇರಿ ಮಾಡಲು ಬರುತ್ತದೆಯೇ ಎಂದೂ ಕೇಳಿ. ಸಣ್ಣದೂ ಆಗಿ ಸೋರುತ್ತಲೂ ಇರುವ ವಾಲ್ವಿನಲ್ಲಿ ಅದು ಸುಲಭವಲ್ಲ, ಆದರೆ ಕೇಳದೆ ಬಿಡಬೇಡಿ.

ಇದೇ ಪತ್ರವನ್ನು ಮಕ್ಕಳಾಗಬೇಕಿರುವ 25ರ ಹೆಣ್ಣುಮಗಳು ಬರೆದಿದ್ದರೆ ನನ್ನ ಉತ್ತರ ಬೇರೆಯಾಗುತ್ತಿತ್ತು. ಬಸಿರಿನ ಮೊದಲ ತಿಂಗಳುಗಳಲ್ಲಿ ಈ ಗುಳಿಗೆ ಕೂಸಿಗೆ ಅಪಾಯ, ಅಂಥವರು ಇನ್ನೊಂದು ಆಪರೇಶನ್ ಬರುತ್ತದೆಂದು ತಿಳಿದೂ ಟಿಶ್ಯೂ ಆರಿಸುವುದುಂಟು.

ನಿಮ್ಮ ಮನೆಯವರ ವಿಷಯದಲ್ಲಿ ನನ್ನ ಒಲವು ಬೆಳಗಾವಿಯವರ ಮಾತಿನ ಕಡೆಗೆ, ಒಂದು ಖಾತ್ರಿ ಮಾಡಿಕೊಂಡ ಮೇಲೆ. ಬನಹಟ್ಟಿಯಲ್ಲೋ ಜಮಖಂಡಿಯಲ್ಲೋ ಪಿಟಿ-ಐಎನ್‌ಆರ್ ಮಾಡುವ ಲ್ಯಾಬ್ ಇದೆಯೇ, ರಿಪೋರ್ಟ್ ಅವತ್ತೇ ಕೊಡುತ್ತಾರೆಯೇ, ಆ ನಂಬರ್ ಫೋನಿನಲ್ಲಿ ಕೇಳಿ ಗುಳಿಗೆ ಹೆಚ್ಚು ಕಡಿಮೆ ಮಾಡುವ ಡಾಕ್ಟರು ಯಾರು? ಮೊದಮೊದಲು ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ ಮಗ್ಗ ನಿಲ್ಲಿಸಿ ಹೋಗಿ ಬರಲು ಆಗುತ್ತದೆಯೇ? ಸಕ್ಕರೆ ನೋಡುವಂತೆ ಬೆರಳು ಚುಚ್ಚಿ ಮನೆಯಲ್ಲೇ ನೋಡುವ ಯಂತ್ರವೂ ಸಿಗುತ್ತದೆ, ಪಟ್ಟಿಗಳು ಮಾತ್ರ ತುಟ್ಟಿ. ಇದು ಯಾವುದೂ ಸಾಗದು, ಅವರು ಗುಳಿಗೆ ಮರೆಯುವ ಮನುಷ್ಯ, ಸಂಜೆ ಕುಡಿಯುವ ಚಟವೂ ಇದೆ ಅಂದರೆ ಟಿಶ್ಯೂ ಹಾಕಿಸಿ. ಆಪರೇಶನ್ ಆದ ಮೊದಲ ಮೂರು ತಿಂಗಳು ಅದಕ್ಕೂ ಇದೇ ಗುಳಿಗೆ ಇರುತ್ತದೆ ಎಂಬುದು ನೆನಪಿರಲಿ.

ಖರ್ಚಿನ ಬಗ್ಗೆ: ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಅಡ್ಮಿಟ್ ಆಗುವ ಮೊದಲೇ ಆಸ್ಪತ್ರೆಯ ಯೋಜನೆ ಕೌಂಟರಿನಲ್ಲಿ ಕಾರ್ಡ್ ತೋರಿಸಿ ಮಂಜೂರಾತಿ ಕೇಳಿ.

ಮಗನಿಗೂ ಬರುತ್ತದೆಯೇ ಎಂದು ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಕೇಳಿದ್ದೀರಿ. ವಾಲ್ವ್ ಕೆಡಿಸಿದ ಆ ಕೀಲುಜ್ವರ ಗಂಟಲು ನೋವಿನ ಒಂದು ರೋಗಾಣುವಿನಿಂದ ಶುರುವಾಗುವ ಕಾಯಿಲೆ. ಹುಡುಗನಿಗೆ ಜ್ವರದ ಜೊತೆ ಗಂಟಲು ನೋವು ಬಂದರೆ ಅರಿಶಿಣ ಹಾಲಿನಲ್ಲೇ ಬಿಡದೆ ಡಾಕ್ಟರಿಗೆ ತೋರಿಸಿ, ಕೊಟ್ಟ ಔಷಧಿ ಪೂರ್ತಿ ಮುಗಿಸಿ.

ಮಗ್ಗಕ್ಕೆ ಮರಳುತ್ತಾರೆಯೇ ಎಂಬುದು ನಿಮ್ಮ ಕೊನೆಯ ಪ್ರಶ್ನೆ. ಎದೆಯ ಎಲುಬು ಕೂಡಲು ಮೂರು ತಿಂಗಳಾದರೂ ಬೇಕು, ಅಲ್ಲಿಯವರೆಗೆ ನೂಲಿನ ಬೀಮ್ ಎತ್ತುವಂತಿಲ್ಲ. ಆಮೇಲೆ ಡಾಕ್ಟರು ಹೂಂ ಅಂದರೆ ನಡೆಸಲಿ. ಆದರೆ ಗುಳಿಗೆ ನುಂಗುವವರಿಗೆ ಹಾರಿ ಬಂದ ಲಾಳಿಯ ಪೆಟ್ಟು ತಲೆಗೆ ಬಿದ್ದರೆ ಸಣ್ಣದಲ್ಲ. ಆ ಎರಡು ಮಗ್ಗಗಳಿಗೂ ಲಾಳಿ ತಡೆಯುವ ಸರಳು ಹಾಕಿಸಿ, ಅವರು ಆಸ್ಪತ್ರೆಯಲ್ಲಿ ಇರುವಾಗಲೇ ಆ ಕೆಲಸ ಮುಗಿಸಿದರೆ ಒಳ್ಳೆಯದು. ಮನೆಗೆ ಬಂದ ಮೇಲೆ ಅವರು ಬೇಡ ಅನ್ನುತ್ತಾರೆ.